ಜನಗಣತಿಯ ಚೀಟಿಯಲ್ಲಿ ಗಂಗವ್ವ

ಊರಿನಿಂದ ಕಾಗದ ಬಂತೆಂದರೆ ಅದು ಒಬ್ಬರಿಗಲ್ಲ, ಇಡೀ ಚಾಳಿಗೇ ಬಂದ ಹಾಗೆ. ಅಂಥ ಕಾಲ ಅದು. ಚೆಂಬೂರಿನ ನಮ್ಮ ಚಾಳಿನಲ್ಲಿದ್ದವರು ಹೆಚ್ಚಾಗಿ ಬಿಜಾಪುರ, ಗುಲ್ಬರ್ಗದ ಕಡೆಯಿಂದ ಬಂದು ಬಿಲ್ಡಿಂಗ್ ಕೆಲಸಕ್ಕೆ ಹೋಗುವವರು. ಬೆಳಗಾದರೆ ರೊಟ್ಟಿ ಬಡಿಯುವ ಸದ್ದು, ಸೀಮೆಎಣ್ಣೆ ಸ್ಟೋವಿನ ವಾಸನೆ, ಗಾಳಿ ತಿರುಗಿದರೆ ರಿಫೈನರಿಯ ಗ್ಯಾಸಿನ ನಾತ. ಅಲ್ಲಿ ಕನ್ನಡ ಓದಲು ಬರುತ್ತಿದ್ದ ಹೆಂಗಸು ಒಬ್ಬಳೇ, ಎದುರು ಖೋಲಿಯ ಗಂಗವ್ವ. ಅಪ್ಪನಿಗೆ, ಅವ್ವನಿಗೆ ಅಕ್ಷರ ಗೊತ್ತಿರಲಿಲ್ಲ. ನಾನು ಮುನಿಸಿಪಾಲಿಟಿಯ ಮರಾಠಿ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ. ಕನ್ನಡ ಮಾತು ಬರುತ್ತಿತ್ತು, ಬರಹ ಬರುತ್ತಿರಲಿಲ್ಲ. ಹಾಗಾಗಿ ತವರಿನ ಕಾಗದ ಬಂದಾಗಲೆಲ್ಲ ಅವ್ವ ಗಂಗವ್ವನ ಮುಂದೆ ನಿಲ್ಲಬೇಕಾಗುತ್ತಿತ್ತು.

ಗಂಗವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮುಂಬಯಿಗೆ ಬಂದ ಮೇಲೆ ಮಾಟುಂಗದ ಒಂದು ಮನೆಯಲ್ಲಿ ಪಾತ್ರೆ ತಿಕ್ಕುತ್ತ, ಆ ಮನೆಯ ಅಜ್ಜಿಯ ಹತ್ತಿರ ಒಂದೊಂದೇ ಅಕ್ಷರ ಕಲಿತಿದ್ದಳು. ಕಲಿತದ್ದೇನೋ ಸರಿ, ಆದರೆ ಅದರ ಜಂಬ ಕೇಳಬಾರದು. ಕಾಗದವನ್ನು ನಳದ ಕಟ್ಟೆಯ ಮೇಲೆ ನಿಂತೇ ಓದಬೇಕು, ನೀರಿಗೆ ಬಂದವರೆಲ್ಲ ಕೇಳಬೇಕು.

ಆ ದಿನ ಬಂದಿದ್ದು ನನ್ನ ಚಿಗವ್ವ ಶಾಂತಾಳ ಸುದ್ದಿ. ಗಂಗವ್ವ ಎರಡು ಸಾಲು ಓದಿದವಳೇ ಕಣ್ಣರಳಿಸಿದಳು.

"ಯವ್ವಾ! ನಿನ್ನ ತಂಗೀನ್ನ ಗಂಡ ಹೊಡದು ಹೊರಗ ಹಾಕ್ಯಾನಂತ! ಕೇಳಿದ್ರೇನ್ರೇ?"

"ಸಾವಕಾಶ ಓದ ಗಂಗಕ್ಕಾ, ನಿನ್ನ ಕಾಲ ಬೀಳತೀನಿ," ಎಂದಳು ಅವ್ವ.

"ಇದ್ದದ್ದ ಓದಾಕ ಏನವಾ ಮುಚ್ಚುಮರಿ? ನಾ ಏನ ಸುಳ್ಳ ಓದಾಕತ್ತೀನೇನ?"

ಅವ್ವ ತುಂಬಿದ ಕೊಡ ಅಲ್ಲೇ ಬಿಟ್ಟು, ತಲೆ ತಗ್ಗಿಸಿ ಬಂದುಬಿಟ್ಟಳು. ಮರುದಿನದಿಂದ ಆ ನಳಕ್ಕೆ ಹೋಗಲಿಲ್ಲ. ರಸ್ತೆಯಾಚೆಯ ನಳದಿಂದ ನೀರು ಹೊತ್ತಳು. ಹಗಲೆಲ್ಲ ಬಿಲ್ಡಿಂಗಿನಲ್ಲಿ ಬುಟ್ಟಿ ಹೊತ್ತ ತಲೆಯ ಮೇಲೆ ಸಂಜೆ ಮತ್ತೆ ಕೊಡ. ನಾನು ಕುಂಟಾಟಕ್ಕೆ ಹೋದರೆ ಹುಡುಗಿಯರು, "ನಿಮ್ಮ ಚಿಗವ್ವ ಓಡಿ ಬಂದಾಳಂತಲ್ಲ" ಎಂದು ನಕ್ಕರು. ಮೈಯೆಲ್ಲ ಉರಿದುಹೋಯಿತು. ಈ ಗಂಗವ್ವನಿಗೆ ಒಂದು ಗತಿ ಕಾಣಿಸದಿದ್ದರೆ ನಾನು ಅವ್ವನ ಮಗಳೇ ಅಲ್ಲ ಅಂದುಕೊಂಡೆ.

ಶಾಲೆಯಲ್ಲಿ ಆಗ ನಮ್ಮ ಟೀಚರ್ ದೇಶದ ವಿಷಯ ಬಾಯಿಪಾಠ ಮಾಡಿಸುತ್ತಿದ್ದರು. ರಾಜಧಾನಿ ಯಾವುದು, ಸರ್ಕಾರ ನಡೆಸುವವರು ಯಾರು, ಜನ ಎಷ್ಟು, ಹೆಚ್ಚಿನವರ ಕಸುಬೇನು, ಓದುಬರಹ ಬಲ್ಲವರೆಷ್ಟು. ಎಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು. ಇಷ್ಟು ಜನರನ್ನು ಎಣಿಸಿದವರು ಯಾರು ಎಂದು ಕೇಳಿದೆ.

"ಮನೆಮನೆಗೆ ಹೋಗಿ ಬರೆದುಕೊಳ್ಳುತ್ತಾರೆ. ಈ ಸಲ ನಿಮ್ಮ ಚಾಳಿಗೆ ನಾನೇ ಬರುತ್ತೇನೆ. ಅಲ್ಲಿಯವರ ಮಾತು ನನಗೆ ತಿಳಿಯುವುದಿಲ್ಲ, ನೀನು ಹೇಳಬೇಕು," ಎಂದರು ಮರಾಠಿಯಲ್ಲಿ.

ಬೇಸಿಗೆ ಶುರುವಾಗುವ ಹೊತ್ತಿಗೆ ಟೀಚರ್ ಕಪ್ಪು ಕೊಡೆ ಹಿಡಿದು, ಚೀಟಿಗಳ ಕಟ್ಟು ತೆಗೆದುಕೊಂಡು ಬಂದರು. ತಲೆಗೊಂದು ಚೀಟಿ. ಹೆಸರು, ವಯಸ್ಸು, ಮಾತು, ಕೆಲಸ, ಓದುಬರಹ. ಮೊದಲು ನಮ್ಮ ಖೋಲಿ. ಅವ್ವನಿಗೆ ಓದಲು ಬರುತ್ತದೆಯೇ ಎಂದಾಗ ನಾನು ರೆಪ್ಪೆ ಬಡಿಯದೆ ಬರುತ್ತದೆ ಎಂದೆ. ಶಾಲೆಯ ಜಾಣ ಹುಡುಗಿಯ ಮಾತು, ಟೀಚರ್ ಬರೆದುಕೊಂಡರು.

ಆಮೇಲೆ ಗಂಗವ್ವ. ಇಳಕಲ್ ಸೀರೆ ಉಟ್ಟು, ಎಣ್ಣೆ ಹಚ್ಚಿ ತಲೆ ಬಾಚಿ ಕಾಯುತ್ತಿದ್ದಳು. "ಓದು ಕೇಳತಾರಂತಲ್ಲ? ಓದಿ ತೋರಸತೀನಿ ತಡಿ," ಎಂದು ಟ್ರಂಕಿನಿಂದ ಹಳೆಯ ಕನ್ನಡ ಪೇಪರ್ ತೆಗೆದು, ಎದ್ದು ನಿಂತು, ಬೆರಳಿಟ್ಟು ಓದತೊಡಗಿದಳು. ಹಣೆಯ ಮೇಲೆ ಬೆವರು ಮೂಡಿತ್ತು. ಒಂದು ಕಡೆ ತಡವರಿಸಿ, ಹಿಂದೆ ಹೋಗಿ, ಮತ್ತೆ ಸರಿಯಾಗಿ ಓದಿದಳು.

"ಏನು ಓದುತ್ತಿದ್ದಾರೆ?" ಎಂದರು ಟೀಚರ್.

ಗಂಗವ್ವನ ಮರಾಠಿ ಮಾರ್ಕೆಟ್ಟಿನಲ್ಲಿ ಕಾಯಿಪಲ್ಲೆ ಕೊಳ್ಳುವಷ್ಟು. ಇಲ್ಲ ಎನ್ನುವ 'ನಾಹಿ' ಬಾಯಿಂದ ಬಂದರೆ ಆಕೆಗೆ ಗೊತ್ತಾಗಿಬಿಡುತ್ತದೆ. ಅದಕ್ಕೇ ಆ ಮಾತು ಬಾರದ ಹಾಗೆ ಜೋಡಿಸಿ, ಸರಸರನೆ ಹೇಳಿದೆ: "ಅದು ಕೇಳಿ ಕಲಿತ ಹಾಡು ಟೀಚರ್. ಕಾಗದ ಸುಮ್ಮನೆ ಹಿಡಿದಿದ್ದಾರೆ. ಬಂದವರ ಮುಂದೆಲ್ಲ ಹೀಗೇ."

ಟೀಚರ್ ಕನಿಕರದಿಂದ ನಕ್ಕು ಚೀಟಿಯಲ್ಲಿ ಗುರುತು ಹಾಕಿದರು. ಆ ನಗು ನೋಡಿ ಗಂಗವ್ವನೂ ನಕ್ಕಳು.

"ಬರಕೊಂಡ್ರೇನ ಮಗಳ?"

"ಹೂಂ ದೊಡ್ಡವ್ವಾ, ಬರಕೊಂಡ್ರು."

ಗಂಗವ್ವ ನನ್ನ ಕೈಗೆ ಶೇಂಗಾ ಉಂಡೆ ಇಟ್ಟಳು. ನಿಂತಲ್ಲೇ ತಿಂದು ಮುಗಿಸಿದೆ. ಅಂಥ ರುಚಿಯ ಉಂಡೆ ಮತ್ತೆ ತಿಂದಿಲ್ಲ.

ಅವ್ವನಿಗೆ ಹೇಳಿದಾಗ ಹೊಡೆಯಬಹುದು ಅಂದುಕೊಂಡಿದ್ದೆ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಭೇಷ್ ಮಾಡಿದಿ ನನ್ನ ಬಂಗಾರಾ! ನಾ ಓದಾಕಿ, ಆಕಿ ಹೆಬ್ಬೆಟ್ಟ!" ಮರುದಿನ ಕೊಡ ಎತ್ತಿಕೊಂಡು ಹಳೆಯ ನಳಕ್ಕೇ ಹೋದಳು. "ಸರಕಾರದಾಗ ನನ್ನ ಹೆಸರ ಐತಿ, ಓದು ಬಲ್ಲಾಕಿ ಅಂತ," ಎಂದು ಗಂಗವ್ವ ಕಂಡವರಿಗೆಲ್ಲ ಹೇಳಿಕೊಳ್ಳುವಾಗ ನಮ್ಮಿಬ್ಬರಿಗೂ ಒಳಗೊಳಗೇ ಹಬ್ಬ.

ಮಳೆಗಾಲದಲ್ಲಿ ಮತ್ತೊಂದು ಕಾಗದ ಬಂತು. ಬೇರೆ ದಾರಿಯಿಲ್ಲದೆ ಅವ್ವ ಅದನ್ನು ಗಂಗವ್ವನ ಕೈಗೇ ಕೊಟ್ಟಳು. ಗಂಗವ್ವ ನಳದ ಕಟ್ಟೆ ಹತ್ತಲಿಲ್ಲ. ನಮ್ಮನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ಪಿಸುದನಿಯಲ್ಲಿ ಓದಿದಳು. ಶಾಂತಾ ಚಿಗವ್ವ ಹೊಲಿಗೆ ಕಲಿಯುತ್ತಿದ್ದಳಂತೆ, ಗಂಡನ ಮನೆಗೆ ಇನ್ನು ಹೋಗುವುದಿಲ್ಲವಂತೆ. ಕಾಗದ ಮಡಿಸಿ ಅವ್ವನ ಅಂಗೈಯಲ್ಲಿಟ್ಟು, "ಈ ಮಾತು ಇಲ್ಲೇ ಇರಲಿ," ಎಂದಳು.

"ಇವತ್ತ್ಯಾಕ ಇಷ್ಟ ಸಾವಕಾಶ ಓದಿದಿ ಗಂಗಕ್ಕಾ?"

"ಸರಕಾರದವರು ಓದು ಬಲ್ಲಾಕಿ ಅಂತ ಬರಕೊಂಡಾರವಾ. ಇನ್ನ ಹಂಗ ಒದರಬಾರದು. ಅವತ್ತ ನಂದು ತಪ್ಪಾತು."

ಅವ್ವ ನನ್ನ ಮುಖ ನೋಡಲಿಲ್ಲ. ನಾನೂ ಅವ್ವನ ಮುಖ ನೋಡಲಿಲ್ಲ.

ಪಶ್ಚಾತ್ತಾಪಪಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ನಳದ ಹತ್ತಿರ ಅವ್ವ ತಲೆ ತಗ್ಗಿಸಿದ್ದು ನೆನಪಾದರೆ ಈ ವಯಸ್ಸಿನಲ್ಲೂ ಹಲ್ಲು ಕಡಿಯುತ್ತೇನೆ. ಆದರೆ ಮುಂದೆ ನಾನೇ ಟೀಚರಾಗಿ, ವರ್ಷ ವರ್ಷ ಮಕ್ಕಳಿಗೆ ದೇಶದ ಜನ ಎಷ್ಟು, ಓದು ಬಲ್ಲವರೆಷ್ಟು ಎಂದು ಬಾಯಿಪಾಠ ಮಾಡಿಸುವಾಗ ಆ ಪುಟದ ಮೇಲೆ ನನ್ನ ಬೆರಳು ನಿಂತುಬಿಡುತ್ತಿತ್ತು. ಲೆಕ್ಕವೇನೂ ತಪ್ಪಿರಲಿಲ್ಲ. ಒಬ್ಬಳನ್ನು ಕಳೆದು, ಇನ್ನೊಬ್ಬಳನ್ನು ಕೂಡಿಸಿದ್ದೆ, ಮೊತ್ತ ಇದ್ದಷ್ಟೇ ಇತ್ತು.

ಈಗ ಆ ನಳವಿಲ್ಲ, ಚಾಳಿಲ್ಲ, ಹಾಗೆ ನಗುವ ಅವ್ವನೂ ಇಲ್ಲ. ಗಂಗವ್ವ ಮುಂದಿನ ಗಣತಿಯ ತನಕ ಬದುಕಲಿಲ್ಲ. ಟೀಚರ್ ಬಂದ ಗಣತಿಗೆ ಹತ್ತು ವರ್ಷ ಮುಂಚಿನ ಗಣತಿಯ ಹೊತ್ತಿಗೆ ಆಕೆಗೆ ಓದು ಬರುತ್ತಿರಲಿಲ್ಲ. ನಿನಗೆ ಓದಲು ಬರುತ್ತದೆಯೇ ಎಂದು ಇಷ್ಟು ದೊಡ್ಡ ದೇಶ ಆಕೆಯನ್ನು ತಕ್ಕ ಹೊತ್ತಿನಲ್ಲಿ ಕೇಳಿದ್ದು ಆ ಒಂದೇ ಸಲ. ಆಕೆ ಎದ್ದು ನಿಂತು ಓದಿದಳು. ಉತ್ತರ ಕೊಟ್ಟವಳು ನಾನು.