ಹೊಟ್ಟೆಯ ಸುತ್ತಳತೆ ಬರೆಸುವ ಮುಮತಾಜ

ಬೆಳಗಿನ ಐದೂವರೆ. ಜೇವರ್ಗಿಯ ಆಸ್ಪತ್ರೆಯೊಂದರ ಗಂಡಸರ ವಾರ್ಡಿನಲ್ಲಿ ಆಯಾ ಮುಮತಾಜ ದರ್ಜಿಯ ಟೇಪು ಹಿಡಿದು ಮಂಚದಿಂದ ಮಂಚಕ್ಕೆ ಹೋಗುತ್ತಿದ್ದಾರೆ. ಏಳನೇ ಮಂಚದ ಲಾರಿ ಡ್ರೈವರನಿಗೆ ಕೈಕಾಲು ಕಡ್ಡಿಯಂತಿವೆ, ಲಿವರ್ ಕೆಟ್ಟು ನೀರು ಸೇರಿದ ಹೊಟ್ಟೆ ಮಾತ್ರ ತುಂಬಿದ ಕೊಡ. "ನೂರಾ ಎರಡು. ನಿನ್ನಿಗಿಂತ ಎರಡು ಜಾಸ್ತಿ ಸಿಸ್ಟರ್" ಎಂದು ಕೂಗುತ್ತಾರೆ. ಡ್ರೈವರ್ ಮುಖ ತಿರುಗಿಸಿಕೊಳ್ಳುತ್ತಾನೆ.

ಇಪ್ಪತ್ನಾಲ್ಕು ಮಂಚಗಳಲ್ಲಿ ಈ ದಿನ ಒಂಬತ್ತು ಕುಡಿತದವು. ಕಕ್ಕಿದ್ದನ್ನು ಒರೆಸುವುದು, ಹಾಸಿಗೆ ಬದಲಿಸುವುದು, ಮೈ ತೊಳೆಯುವುದು ಮುಮತಾಜರ ಕೆಲಸ. ಹತ್ತು ವರ್ಷ ಡಾಕ್ಟರರ ಹಿಂದೆ ಓಡಾಡಿ ಕಲಿತದ್ದನ್ನು ರೋಗಿಗಳ ಮನೆಯವರಿಗೆ ತಮ್ಮದೇ ಮಾತಿನಲ್ಲಿ ಹೇಳುತ್ತಾರೆ: "ಒಂದು ಪೆಗ್ ಕರಗಸಾಕ ಲಿವರಿಗೆ ಒಂದು ತಾಸರೆ ಬೇಕ್ರಿ. ಮಜ್ಜಿಗಿ ಕುಡಸ್ರಿ, ತಲಿಮ್ಯಾಲ ನೀರು ಹಾಕ್ರಿ, ಅದು ಅವಸರ ಮಾಡಂಗಿಲ್ಲ. ದಿನಾ ಹಂಗ ದುಡಿಸಿದ್ರ ಗಟ್ಟಿ ಆಗಿ ಕುಂದರ್ತದ."

ಅವರ ಗಂಡ ಖಾದರಸಾಬ ಮಾರ್ಕೆಟ್ಟಿನಲ್ಲಿ ತೊಗರಿ ಚೀಲ ಹೊರುತ್ತಿದ್ದವರು. ಹನ್ನೊಂದು ವರ್ಷದ ಹಿಂದೆ ಮಗಳ ಮೇಲೆ ಆಣೆ ಮಾಡಿ ಕುಡಿತವನ್ನು ಒಮ್ಮೆಲೇ ಬಿಟ್ಟರು. ಮೂರನೇ ದಿನ ಕೈ ನಡುಗಿತು, ಗೋಡೆಯ ತುಂಬ ಇರುವೆ ಕಂಡವು. ಗಾಳಿ ಸೋಕಿದೆ ಎಂದುಕೊಂಡ ಮುಮತಾಜ ಅವರನ್ನು ಟಂಟಂ ಆಟೋದಲ್ಲಿ ದರ್ಗಾಕ್ಕೆ ಹೊರಡಿಸಿದರು. ದಾರಿಯಲ್ಲಿ ಫಿಟ್ಸ್ ಬಂತು. ದರ್ಗಾ ತಲುಪುವ ಮೊದಲೇ ಜೀವ ಹೋಯಿತು. "ದವಾಖಾನಿ ಅದೇ ರಸ್ತಾದಾಗ ಇತ್ತು. ದಾಟಿಕೊಂಡು ಹೋದ್ವಿ" ಎನ್ನುತ್ತಾರೆ. ಮರುವರ್ಷ ಇಲ್ಲೇ ಕೆಲಸಕ್ಕೆ ಸೇರಿದರು.

ಹೋದ ಶ್ರಾವಣದಲ್ಲಿ ಅಫಜಲಪುರ ಕಡೆಯ ದತ್ತಪ್ಪ ಬಿದ್ದು ಕಾಲು ಮುರಿದುಕೊಂಡು ಬಂದ. ಶ್ರಾವಣವೆಂದು ಅವನೂ ದಾರು ಬಿಟ್ಟಿದ್ದ. ಮೂರನೇ ದಿನ, ಎಂದೋ ಸತ್ತುಹೋದ ತಾಯಿ ಎದುರಿಗೇ ನಿಂತಿದ್ದಾಳೆಂಬಂತೆ ಬೈಯತೊಡಗಿದಾಗ ಹೆಂಡತಿ ಗುರುಬಾಯಿ ಗಂಟುಮೂಟೆ ಕಟ್ಟಿದಳು. ಮುಮತಾಜ ಬಾಗಿಲಿಗೆ ಅಡ್ಡ ನಿಂತರು.

"ಸರೀರಿ ಬಾಯಾರ, ಇವರಿಗಿ ದೇವ್ರು ಬಂದದ. ಗುಡಿಗಿ ಒಯ್ತೇವಿ."

"ದೇವ್ರಲ್ಲಬೇ, ದಾರು ಬಿಟ್ಟ ನಡುಕ ಇದು. ಇಲ್ಲಿಂದ ಒಯ್ದ್ರ ಹೋಗ್ತಾನ. ನನ್ನ ಗಂಡ ಹಂಗೇ ಹೋಗ್ಯಾನ."

ಗುರುಬಾಯಿ ಗಂಟು ಕೆಳಗಿಟ್ಟಳು. ಇಂಜೆಕ್ಷನ್, ಸಲೈನ್ ನಡೆದವು. ಐದನೇ ದಿನ ದತ್ತಪ್ಪ ಹೆಂಡತಿಯ ಹೆಸರು ಹಿಡಿದು ನೀರು ಕೇಳಿದ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ದೀಪಾವಳಿಗೆ ಅವನು ಮತ್ತೆ ಶುರು ಮಾಡಿದ. ಸಂಕ್ರಾಂತಿ ಮುಗಿದ ವಾರ ಹಳದಿ ಕಣ್ಣು, ಬಾಯಿತುಂಬ ರಕ್ತದೊಂದಿಗೆ ಬಂದವನು ಎರಡೇ ದಿನ ಬದುಕಿದ್ದ. ಕೊನೆಗೆ ಮೈ ತೊಳೆದವರೂ ಮುಮತಾಜರೇ. ಗುರುಬಾಯಿ ಅಳಲಿಲ್ಲ. "ಎರಡು ತಿಂಗಳು ಮನ್ಯಾಗ ಸುಮ್ಮನ ಕುಂತು ರೊಟ್ಟಿ ತಿಂದಾರ್ರಿ. ನೀವು ಬಾಗಲದಾಗ ನಿಂತಿದ್ದಕ್ಕ ಅಷ್ಟು ಸಿಕ್ತು" ಎಂದಳಂತೆ.

ಆ ಮಾತು ಕೇಳಿ ಸಮಾಧಾನವಾಯಿತೇ ಎಂದರೆ ಮುಮತಾಜ ಇಲ್ಲವೆಂದು ತಲೆ ಅಲ್ಲಾಡಿಸುತ್ತಾರೆ. "ಎಲ್ಲಾರ್ನೂ ಹೊತ್ಕೊಂಡೇ ತರ್ತಾರ್ರಿ. ದಾರು ಬಿಡಬೇಕಂದೇನಿ, ಹ್ಯಾಂಗ ಬಿಡ್ಲಿ ಅಂತ ಕೇಳ್ಕೊಂತ ಒಬ್ಬ ತನ್ನ ಕಾಲಮ್ಯಾಲ ನಡ್ಕೊಂತ ಬರಲಿ. ಹತ್ತು ವರ್ಸ ಆತು, ಹಾದಿ ನೋಡಾಕತ್ತೇನಿ."