ಬಲಗಾಲಿನ ಎರಡನೇ ಬೆರಳು

ಮೊದಲು ತಣ್ಣಗಾದದ್ದು ಬಲಗಾಲಿನ ಎರಡನೇ ಬೆರಳು.

ಸ್ನಾನ ಮಾಡಿ ಕಾಲು ಒರೆಸಿಕೊಳ್ಳುವಾಗ ಗೊತ್ತಾಯಿತು. ಉಳಿದ ಬೆರಳುಗಳಲ್ಲಿ ಬಿಸಿನೀರಿನ ಬಿಸಿ ಇನ್ನೂ ಇತ್ತು. ಅದೊಂದು ಮಾತ್ರ ಫ್ರಿಜ್ಜಿನಿಂದ ತೆಗೆದಿಟ್ಟ ಹಾಗಿತ್ತು. ಬಣ್ಣವೂ ಬೇರೆ, ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ತಿಕ್ಕಿದೆ. ಬಿಸಿಯಾಗಲಿಲ್ಲ. ಬಟ್ಟೆ ಹಾಕಿಕೊಂಡು ಕೆಲಸಕ್ಕೆ ಹೊರಟೆ. ಮೆಟ್ಟಿಲಿಳಿಯುತ್ತ ಸಿಗರೇಟು ಹಚ್ಚಿದೆ.

ಯಲಹಂಕದ ಡ್ರೈವಿಂಗ್ ಸ್ಕೂಲ್ ಒಂದರಲ್ಲಿ ನಾನು ಇನ್‌ಸ್ಟ್ರಕ್ಟರ್. ಕಲಿಯುವವರು ಸ್ಟೀರಿಂಗ್ ಹಿಡಿದು ಕೂತರೆ ನಾನು ಅವರ ಎಡಕ್ಕೆ ಕೂರುತ್ತೇನೆ. ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಅವರು ಗಾಬರಿಯಲ್ಲಿ ಏನು ಮಾಡಿದರೂ ಗಾಡಿ ನಿಲ್ಲಿಸುವುದು ನನ್ನ ಬಲಗಾಲು. ಹಾಗಾಗಿ ಸ್ವಲ್ಪ ದೂರ ನಡೆದರೆ ಅಂಗಾಲು ಹಿಡಿದುಕೊಳ್ಳುತ್ತಿದ್ದುದನ್ನು ನಾನು ಕೆಲಸದ ಖಾತೆಗೆ ಹಾಕಿದ್ದೆ. ನಿಂತರೆ ನೋವು ಬಿಡುತ್ತಿತ್ತು, ನಡೆದರೆ ಮತ್ತೆ ಬರುತ್ತಿತ್ತು. ನಿಂತಾಗ ಹೇಗೂ ಸಿಗರೇಟು ಸೇದಬಹುದಲ್ಲ ಎಂದು ನಿಲ್ಲುವುದೇನೂ ಬೇಸರವಾಗುತ್ತಿರಲಿಲ್ಲ.

ಉಗುರು ಕತ್ತರಿಸುವಾಗ ಆ ಬೆರಳಿಗೆ ಸಣ್ಣ ಗಾಯವಾಯಿತು. ಹೆಂಡತಿ ಸುಮಾ ಅರಿಶಿನ ಹಚ್ಚಿದಳು, ಮುಲಾಮು ಹಚ್ಚಿದಳು. ಗಾಯ ಮಾಯಲಿಲ್ಲ. ತುದಿ ಕಪ್ಪಾಗತೊಡಗಿತು.

ಒಂದು ಬೆಳಿಗ್ಗೆ ಜಕ್ಕೂರಿನ ರಸ್ತೆಯಲ್ಲಿ ಹೊಸಬರೊಬ್ಬರಿಗೆ ಕಲಿಸುತ್ತಿದ್ದೆ. ಮಧ್ಯವಯಸ್ಸಿನ ಹೆಂಗಸು, ಎರಡನೆಯ ಸಲ ರೋಡಿಗೆ ಬಂದಿದ್ದರು. ಮುಂದೆ ಆಟೋ ನಿಂತಿತು. ಅವರು ಬ್ರೇಕ್ ಬದಲು ಆಕ್ಸಿಲರೇಟರ್ ಒತ್ತಿದರು. ಇದು ದಿನಾ ಆಗುವುದೇ. ನಾನು ನನ್ನ ಬ್ರೇಕ್ ಒತ್ತಿದೆ.

ಒತ್ತಿದೆ ಎಂದುಕೊಂಡೆ. ಕಾಲು ಒತ್ತಿರಲಿಲ್ಲ.

ಕಾರು ಹೋಗಿ ಆಟೋದ ಹಿಂಭಾಗಕ್ಕೆ ಗುದ್ದಿತು. ಯಾರಿಗೂ ಏನೂ ಆಗಲಿಲ್ಲ. ಆಟೋದವನು ಇಳಿದು ಬಂದು ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. "ಗಾಡೀಲಿ ಎರಡು ಬ್ರೇಕ್ ಇಟ್ಕೊಂಡು ಒಂದೂ ಹಾಕಲ್ವಲ್ಲ ಗುರು" ಎಂದ. ಆ ಹೆಂಗಸು ತಪ್ಪು ತನ್ನದೇ ಎಂದು ಅಳುತ್ತಿದ್ದರು. ನಾನು ಶೂ ಬಿಚ್ಚಿ ನೋಡಿಕೊಂಡೆ. ಪಾದ ಮರದ ತುಂಡಿನ ಹಾಗೆ ಜೋಮು ಹಿಡಿದಿತ್ತು. ಮುಂದೆ ಆಟೋ ಇದ್ದ ಜಾಗದಲ್ಲಿ ರಸ್ತೆ ದಾಟುವ ಮಕ್ಕಳಿದ್ದಿದ್ದರೆ ಎಂಬ ಯೋಚನೆ ಬಂದದ್ದೇ ಕೈಯೂ ತಣ್ಣಗಾಯಿತು.

ನಮ್ಮ ಬೀದಿಯ ಡಾಕ್ಟರು ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದರು. ಎಡಗಾಲಿನಲ್ಲಿ ಸಿಕ್ಕಿತು. ಬಲಗಾಲಿನಲ್ಲಿ ಬೆರಳು ಅಲ್ಲಿಂದಿಲ್ಲಿಗೆ ಸರಿಸುತ್ತಲೇ ಇದ್ದರು. ಚೀಟಿ ಬರೆದು, "ಇವತ್ತೇ ಹೋಗಿ. ನಾಳೆ ಅನ್ಬೇಡಿ" ಎಂದರು.

ಹೆಬ್ಬಾಳದ ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ಅಡ್ಮಿಟ್ ಮಾಡಿಕೊಂಡರು. ಮೊದಲು ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್, ಆಮೇಲೆ ಆಂಜಿಯೋಗ್ರಾಮ್. ರಕ್ತನಾಳದ ಸರ್ಜನ್ ಒಬ್ಬ ಹೆಂಗಸು, ನನಗಿಂತ ಚಿಕ್ಕವರು. ಪರದೆಯ ಮೇಲೆ ನನ್ನ ಕಾಲನ್ನು ತೋರಿಸಿದರು. ಮಂಡಿಯವರೆಗೆ ನಾಳಗಳು ನೆಟ್ಟಗೆ ಇಳಿದಿದ್ದವು. ಮೀನಖಂಡದ ಕೆಳಗೆ ಹಠಾತ್ತನೆ ನಿಂತುಹೋಗಿದ್ದವು. ಅಲ್ಲಿಂದ ಮುಂದೆ ಕುಂಬಳದ ಬಳ್ಳಿಯ ಕುಡಿಗಳಂತೆ ಸುರುಳಿ ಸುರುಳಿಯಾದ ಎಳೆಗಳು.

"ಇದು ಬರ್ಗರ್ಸ್ ಡಿಸೀಸ್. ಕೈಕಾಲಿನ ಸಣ್ಣ ರಕ್ತನಾಳಗಳು ಊದಿ, ಒಳಗೆ ರಕ್ತ ಹೆಪ್ಪುಗಟ್ಟಿ ಮುಚ್ಚಿಹೋಗ್ತವೆ. ತಂಬಾಕು ಬಳಸೋರಿಗೇ ಬರೋದು."

"ಸ್ಟೆಂಟ್ ಹಾಕ್ಬಿಡಿ ಮೇಡಂ" ಎಂದೆ. ನಮ್ಮಣ್ಣನ ಹಾರ್ಟಿಗೆ ಹಾಕಿದ್ದರು.

"ಇಷ್ಟು ಸಣ್ಣ ನಾಳಕ್ಕೆ ಹಾಕೋಕಾಗಲ್ಲ. ಡ್ರಿಪ್ ಕೊಡ್ತೀವಿ, ಮಾತ್ರೆ ಕೊಡ್ತೀವಿ, ಅದೆಲ್ಲ ಸಹಾಯಕ್ಕೆ ಅಷ್ಟೇ. ನೀವು ಸೇದೋದು ಬಿಟ್ರೆ ಕಾಲು ಉಳಿಯೋ ಚಾನ್ಸ್ ಇದೆ."

"ಕಡಿಮೆ ಮಾಡ್ತೀನಿ ಮೇಡಂ."

"ಕಡಿಮೆ ಅನ್ನೋದು ಇದ್ರಲ್ಲಿ ಇಲ್ಲ. ಒಂದೂ ಇಲ್ಲ."

ಸುಮಾ ಮೆಲ್ಲಗೆ ಕೇಳಿದಳು. "ಮೆಡಿಕಲ್ ಶಾಪಲ್ಲಿ ನಿಕೋಟಿನ್ ಚೂಯಿಂಗ್ ಗಮ್ ಸಿಗುತ್ತಂತಲ್ಲ ಮೇಡಂ?"

"ಬೇರೆಯವರಿಗೆ ಅದು ಒಳ್ಳೇದು, ನಾವೇ ಬರೆದು ಕೊಡ್ತೀವಿ. ಇವರಿಗೆ ಬೇಡ. ಇವರ ಕಾಯಿಲೆಗೆ ನಿಕೋಟಿನ್ ಯಾವ ದಾರೀಲಿ ಬಂದ್ರೂ ಅಪಾಯವೇ. ಆಸೆ ಕಡಿಮೆ ಮಾಡೋ ಬೇರೆ ಮಾತ್ರೆ ಇದೆ, ಅದನ್ನ ಕೊಡ್ತೀನಿ. ಉಳಿದಿದ್ದು ಇವರೇ ತಡ್ಕೋಬೇಕು."

ಬಿಡುವುದು ನನಗೆ ಹೊಸದಲ್ಲ. ಯುಗಾದಿಗೆ ಬಿಟ್ಟಿದ್ದೆ, ಮಗಳು ಹುಟ್ಟಿದಾಗ ಬಿಟ್ಟಿದ್ದೆ, ಮಾಲೆ ಹಾಕಿದಾಗ ಬಿಟ್ಟಿದ್ದೆ. ಪ್ರತಿ ಸಲವೂ ಬಿಟ್ಟದ್ದನ್ನು ಮತ್ತೆ ಹಿಡಿಯಬಹುದು ಎಂಬ ಧೈರ್ಯದ ಮೇಲೆಯೇ ಬಿಟ್ಟದ್ದು. ಆ ಧೈರ್ಯವನ್ನು ಈ ಡಾಕ್ಟರಮ್ಮ ನಿಂತ ನಿಲುವಿನಲ್ಲಿ ಕಿತ್ತುಕೊಂಡಿದ್ದರು.

ಪಕ್ಕದ ಮಂಚದಲ್ಲಿ ಮಲ್ಲಪ್ಪ ಇದ್ದ. ವಿಜಯಪುರದ ಕಡೆಯವನು, ಯಶವಂತಪುರದ ಮಾರ್ಕೆಟ್ ಯಾರ್ಡಿನಲ್ಲಿ ಮೂಟೆ ಹೊರುತ್ತಿದ್ದವನು. ಅವನಿಗೂ ಇದೇ ಕಾಯಿಲೆ. ಎಡಗಾಲನ್ನು ಮಂಡಿಯ ಕೆಳಗೆ ಹಿಂದೆಯೇ ತೆಗೆದಿದ್ದರು. ಈಗ ಬಲಗಾಲಿಗೆ ಬಂದಿದ್ದ. ಮೂವತ್ತು ದಾಟಿರಬಹುದು, ಅಷ್ಟೇ. ಮಾತುಗಾರ. ಊರಿನ ಕುಸ್ತಿ, ಯಾರ್ಡಿನ ಈರುಳ್ಳಿ, ಎಲ್ಲ ಹೇಳುತ್ತಿದ್ದ. ಒಂದು ಮಧ್ಯಾಹ್ನ ಸುಮಾ ಕ್ಯಾಂಟೀನಿಗೆ ಹೋದದ್ದನ್ನು ನೋಡಿಕೊಂಡು ನನ್ನ ಕಡೆ ಬಾಗಿದ.

"ಅಣ್ಣಾರ, ಒಂದ ಬೀಡಿ ಇದ್ರ ಕೊಡ್ರಿ."

"ಡಾಕ್ಟ್ರು ನಿನಗೂ ಹೇಳಿದ್ದಾರಲ್ಲ" ಎಂದೆ.

"ಹೇಳ್ಯಾರ್ರಿ. ಇದೂ ಹೋಗ್ತೈತಿ ಅಂತನೂ ಹೇಳ್ಯಾರ. ಹೋಗೂದು ಹೆಂಗೂ ಹೋಗ್ತೈತಿ, ಸೇದೇ ಹೋಗ್ಲಿ ಬಿಡ್ರಿ."

ನಗುತ್ತಲೇ ಹೇಳಿದ. ಹೊದಿಕೆಯ ಕೆಳಗೆ ಎಡಗಾಲು ಇರಬೇಕಾದ ಕಡೆ ಹಾಸಿಗೆ ಚಪ್ಪಟೆಯಾಗಿತ್ತು. ನನಗೆ ಭಯವಾದದ್ದು ಅವನ ಕಾಲು ನೋಡಿ ಅಲ್ಲ. ಅವನು ಬೀಡಿ ಕೇಳಿದ ಕ್ಷಣ ನನ್ನ ಬಾಯಲ್ಲಿ ನೀರೂರಿತ್ತು.

ಡಿಸ್ಚಾರ್ಜ್ ಆಗುವ ಮೊದಲು ಕೌನ್ಸೆಲರ್ ಒಬ್ಬರು ಬಂದರು. ಬಿಳಿ ಮೀಸೆಯ, ನಿಧಾನ ಮಾತಿನ ಮನುಷ್ಯ. ಸೇದಬೇಕು ಅನಿಸಿದಾಗ ಅದರ ಜೊತೆ ಜಗಳಕ್ಕೆ ನಿಲ್ಲಬೇಡಿ, ಅದು ಏರಿ ತಾನಾಗಿಯೇ ಇಳಿಯುತ್ತದೆ, ಅಷ್ಟು ಹೊತ್ತು ಕಾಯಬೇಕು ಎಂದರು. "ನೀವು ಡ್ರೈವಿಂಗ್ ಹೇಳಿಕೊಡೋರು. ಹೆಬ್ಬಾಳ ಫ್ಲೈಓವರ್ ಮೇಲೆ ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡಾಗ ಏನ್ಮಾಡ್ತೀರಿ?"

"ಸಿಗರೇಟ್ ಹಚ್ತೀನಿ ಸಾರ್."

ಅವರು ನಕ್ಕರು. ಸುಮಾ ನಗಲಿಲ್ಲ. ಆಮೇಲೆ ಅವರು ನನ್ನಿಂದಲೇ ಹೇಳಿಸಿದರು, ಯಾವ ಯಾವ ಹೊತ್ತಿಗೆ ಕೈ ಜೇಬಿಗೆ ಹೋಗುತ್ತದೆ ಎಂದು. ಟೀ ಆದ ಮೇಲೆ, ಊಟ ಆದ ಮೇಲೆ, ಕಕ್ಕಸಿಗೆ ಹೋಗುವಾಗ, ಯಾರಾದರೂ ರೇಗಿದಾಗ. ಹೇಳುತ್ತ ಹೋದಂತೆ ಸಿಗರೇಟಿಲ್ಲದ ಹೊತ್ತೇ ನನ್ನ ದಿನದಲ್ಲಿ ಇಲ್ಲವೆಂದು ಗೊತ್ತಾಯಿತು. "ಹಾಗಾದ್ರೆ ದಿನವನ್ನೇ ಬದಲಾಯಿಸೋಣ" ಎಂದರು.

ಮನೆಗೆ ಬಂದ ಮೇಲೆ ಟೀ ನಿಂತಿತು, ಬೆಳಿಗ್ಗೆ ರಾಗಿ ಅಂಬಲಿ ಬಂತು. ಊಟ ಮುಗಿದದ್ದೇ ತಟ್ಟೆ ತೊಳೆಯಲು ನಾನೇ ಏಳಬೇಕು ಎಂದು ಸುಮಾ ನಿಯಮ ಮಾಡಿದಳು. ನನ್ನ ಅಂಗಿಗಳನ್ನೆಲ್ಲ ಒಗೆದು ಹಾಕಿದಳು. ಸ್ಕೂಲಿನ ಎದುರಿನ ಅಂಗಡಿಯವನಿಗೆ ನಾನೇ ಫೋನ್ ಮಾಡಿ, ಕೇಳಿದರೂ ಕೊಡಬೇಡ ಮಚ್ಚಾ ಎಂದೆ. ಜೇಬಿನಲ್ಲಿ ಲವಂಗ ಇಟ್ಟುಕೊಂಡೆ. ನಾಲಿಗೆ ಉರಿಯುವವರೆಗೆ ಕಚ್ಚಿದೆ.

ಆದರೂ ಅದು ಬರುತ್ತಿತ್ತು. ಎದೆಯಲ್ಲಿ ಯಾರೋ ಬಟ್ಟೆ ಹಿಂಡಿದ ಹಾಗೆ. ಮೈ ಬೆವರುತ್ತಿತ್ತು, ಪೇಪರಿನ ಒಂದು ಸಾಲು ಓದಲಾಗುತ್ತಿರಲಿಲ್ಲ. ಮಗಳು ಮೊಬೈಲಿನಲ್ಲಿ ಹಾಡು ಹಾಕಿದ್ದಕ್ಕೆ ಕಿರುಚಿದೆ. ಅವಳು ಪುಸ್ತಕ ಎತ್ತಿಕೊಂಡು ಮತ್ತಿಕೆರೆಯ ಗೆಳತಿಯ ರೂಮಿಗೆ ಓದಲು ಹೋದಳು. ಡಿಸೆಂಬರಿನ ಚಳಿಗೆ ಬೆರಳು ಮುಳ್ಳಿನಲ್ಲಿ ಸಿಕ್ಕಿದ ಹಾಗೆ ನೋಯುತ್ತಿತ್ತು. ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ಸ್ವಲ್ಪ ಹಾಯೆನಿಸುತ್ತಿತ್ತು. ನೋವು ಹೆಚ್ಚಾದಂತೆ ಸೇದುವ ಆಸೆ ಹೆಚ್ಚುತ್ತಿತ್ತು. ಸೇದಿದರೆ ಕಾಲು ಹೋಗುತ್ತದೆ ಎಂಬ ಭಯ ಹೆಚ್ಚಾದಷ್ಟೂ ಆ ಭಯ ತಡೆಯಲು ಒಂದು ಸಿಗರೇಟು ಬೇಕೆನಿಸುತ್ತಿತ್ತು. ಇದನ್ನು ಸೇದದವರಿಗೆ ಹೇಗೆ ಹೇಳುವುದೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆಗ ಬಾಗಲೂರಿನಿಂದ ಅಮ್ಮ ಬಂದರು. ಸೊಂಟದಲ್ಲಿ ಎಲೆಅಡಿಕೆ ಚೀಲ, ಅದರೊಳಗೆ ಹೊಗೆಸೊಪ್ಪು. ನನಗೆ ಬುದ್ಧಿ ತಿಳಿದಾಗಿನಿಂದ ಅವರ ದವಡೆ ಸುಮ್ಮನಿದ್ದದ್ದು ನೋಡಿಲ್ಲ. ಅವರು ಪಕ್ಕ ಕೂತದ್ದೇ ಆ ವಾಸನೆ ಬಂತು. ನಾನು ಮುಖ ತಿರುಗಿಸಿದೆ. ಅಮ್ಮನಿಗೆ ಅರ್ಥವಾಯಿತು. ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದರು.

"ಇದ್ನ ಬಾಯಾಗ್ ಇಕ್ಕಂಡು ನಾನ್ ನಿಂಗೆ ಏನಂತ ಬುದ್ಧಿ ಏಳ್ಲಪ್ಪಾ? ನಾನೂ ಬಿಡ್ತೀನಿ."

"ಈ ವಯಸ್ಸಲ್ಲಿ ಬೇಡಮ್ಮ, ಕಷ್ಟ ಆಗುತ್ತೆ."

"ನಿಂಗ್ ಆಗಕಿಲ್ವಾ?"

ಅಮ್ಮನಿಗೆ ತಲೆನೋವು ಬಂತು, ಹೊಟ್ಟೆ ಕಟ್ಟಿತು, ಸೊಸೆಯ ಸಾರಿನಲ್ಲಿ ಉಪ್ಪು ಹೆಚ್ಚು ಎಂದು ಜಗಳ ಬಂತು. ಅವರೆಕಾಯಿಯ ಕಾಲ. ಸುಮಾ ಬುಟ್ಟಿಗಟ್ಟಲೆ ತಂದು ನಮ್ಮಿಬ್ಬರ ನಡುವೆ ಸುರಿದಳು. ಬಿಸಿಲಲ್ಲಿ ಕೂತು ಸುಲಿದೆವು. ನೆನೆಸಿದ ಕಾಳನ್ನು ಒಂದೊಂದಾಗಿ ಹಿಚುಕಿದೆವು. ಬೆರಳುಗಳಿಗೆ ಕೆಲಸವಿದ್ದರೆ ಬಾಯಿ ಸ್ವಲ್ಪ ಸುಮ್ಮನಿರುತ್ತದೆ.

"ಬತ್ತೈತೇನ್ಲಾ?" ಎನ್ನುತ್ತಿದ್ದರು ಅಮ್ಮ, ತಲೆಯೆತ್ತದೆ.

"ಬರ್ತೈತಮ್ಮ."

"ನಂಗೂ. ಇಚುಕು, ಇಚುಕು."

ಅಮ್ಮನ ಕಣ್ಣಲ್ಲಿ ನೀರು ತುಂಬಿರುತ್ತಿತ್ತು. ಅದು ನನಗಾಗಿಯೋ ಹೊಗೆಸೊಪ್ಪಿಗಾಗಿಯೋ ಕೇಳಲಿಲ್ಲ. ಅಕ್ಕಪಕ್ಕದ ಮನೆಗಳಿಗೆಲ್ಲ ಆ ತಿಂಗಳು ನಮ್ಮ ಮನೆಯ ಹಿತಕಿದ ಬೇಳೆಯೇ ಹೋಯಿತು.

ಚೆಕಪ್ಪಿಗೆ ಹೋದಾಗ ಡಾಕ್ಟರು ಬೆರಳನ್ನು ಬಹಳ ಹೊತ್ತು ನೋಡಿದರು.

"ಈ ಬೆರಳು ಉಳಿಯಲ್ಲ. ತೆಗೀಬೇಕು."

ಬೆರಳಿನ ಬುಡ ಮುಟ್ಟಿ ತೋರಿಸಿ ಹೇಳಿದರು. "ತೆಗೆದ ಗಾಯ ಮಾಗಿದ್ರೆ ಪಾದ ಉಳಿಯುತ್ತೆ. ಮಾಗದಿದ್ರೆ ಮೇಲಕ್ಕೆ ಹೋಗ್ಬೇಕಾಗುತ್ತೆ. ಈಗಲೇ ಏನೂ ಹೇಳೋಕಾಗಲ್ಲ."

ಮೇಲಕ್ಕೆ ಎಂದರೆ ಎಲ್ಲಿಯವರೆಗೆ ಎಂಬುದನ್ನು ಮಲ್ಲಪ್ಪನ ಹಾಸಿಗೆಯಲ್ಲಿ ನೋಡಿದ್ದೆ.

ಸುಮಾ ಫಾರ್ಮಸಿಯ ಸಾಲಿನಲ್ಲಿ ನಿಂತಳು. ನಾನು ಹೊರಗೆ ಗಾಳಿಗೆ ನಿಂತಿರುತ್ತೇನೆ ಎಂದೆ. ಕಾಂಪೌಂಡಿನ ಆಚೆ ಟೀ ಅಂಗಡಿ ಇತ್ತು. ಇಲ್ಲಿ ಯಾರಿಗೂ ನನ್ನ ಗುರುತಿಲ್ಲ. ಕೊಡಬೇಡ ಎಂದು ನಾನು ಈ ಅಂಗಡಿಯವನಿಗೆ ಹೇಳಿರಲಿಲ್ಲ. ಕಾಲು ತಾನಾಗಿಯೇ ನಡೆಯಿತು. ಅಂಗಾಲು ಹಿಡಿದುಕೊಂಡರೂ ನಿಲ್ಲಲಿಲ್ಲ.

ಎರಡು ದಮ್ಮು ಎಳೆದೆ.

ತಲೆ ಗಿರ್ರೆಂದಿತು. ಹಿಂದೆಯೇ ಬೆರಳಿನಲ್ಲಿ ಚಳುಕು. ಅದು ನಿಜವೋ ನನ್ನ ಹೆದರಿಕೆಯೋ ಗೊತ್ತಿಲ್ಲ. ಸಿಗರೇಟು ಬಿಸಾಕಿ ತಿರುಗಿದರೆ ಔಷಧದ ಚೀಲ ಹಿಡಿದುಕೊಂಡು ಸುಮಾ ನಿಂತಿದ್ದಳು. ಬೈಯುತ್ತಾಳೆಂದುಕೊಂಡೆ. ಅವಳು ಹತ್ತಿರ ಬಂದು ಫುಟ್‌ಪಾತಿನ ಮೇಲೆಯೇ ಕುಕ್ಕರಗಾಲಲ್ಲಿ ಕೂತಳು. ನನ್ನ ಚಪ್ಪಲಿ ಸರಿಸಿ ಪಾದವನ್ನು ಎರಡೂ ಅಂಗೈಗಳ ನಡುವೆ ಹಿಡಿದಳು. ಒಂದೊಂದು ಬೆರಳನ್ನೂ ಮುಟ್ಟಿ ನೋಡಿದಳು, ಬಿಸಿ ಇದೆಯೇ ಎಂದು. ಟೀ ಕುಡಿಯುತ್ತಿದ್ದವರು ನೋಡುತ್ತಿದ್ದರು.

"ಉಳಿದವು ಇನ್ನೂ ಬೆಚ್ಚಗಿವೆ" ಎಂದಳು. ಚಪ್ಪಲಿ ಮತ್ತೆ ತೊಡಿಸುತ್ತ, "ನಂಗೆ ತುಂಬ ಭಯ ಆಗ್ತಿದೆ ಕಣ್ರೀ. ನಿಮಗೆ ಆಗಲ್ವಾ?" ಎಂದಳು.

ಆಗುತ್ತದೆ ಎಂದೆ. ಕಾಯಿಲೆ ಬಂದಾಗಿನಿಂದ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ್ದೇ ಅಳು ಬಂತು. ರಸ್ತೆಯಲ್ಲಿ ನಿಂತು ಅತ್ತೆ. ಅಳು ಮುಗಿದಾಗ ಸೇದುವ ಆಸೆಯೂ ಮುಗಿದಿತ್ತು. ಅವಳೇ ನನ್ನನ್ನು ವಾಪಸ್ ಒಳಗೆ ಕರೆದುಕೊಂಡು ಹೋದಳು. ಡಾಕ್ಟರಿಗೆ ಎರಡು ದಮ್ಮಿನ ವಿಷಯ ಹೇಳಿದೆ. ಅವರು ಮಾತ್ರೆಯ ಪ್ರಮಾಣ ಹೆಚ್ಚಿಸಿ, "ಇಲ್ಲಿಂದ ಮತ್ತೆ ಶುರು. ಆಸೆ ಬಂದ ತಕ್ಷಣ ಯಾರಿಗಾದ್ರೂ ಬಾಯಿಬಿಟ್ಟು ಹೇಳಿ. ಒಬ್ಬರೇ ಇರ್ಬೇಡಿ" ಎಂದರು.

ಬೆರಳು ತೆಗೆದರು. ಅದನ್ನು ತೆಗೆಯುವುದು ಸುಲಭವಿತ್ತು. ಕಷ್ಟವಿದ್ದದ್ದು ಡ್ರೆಸ್ಸಿಂಗ್ ಬಿಚ್ಚುವ ದಿನಗಳು. ನರ್ಸು ಬ್ಯಾಂಡೇಜಿನ ಸುತ್ತು ಬಿಡಿಸುವಾಗ ನಾನು ಗಾಯ ನೋಡುತ್ತಿರಲಿಲ್ಲ, ಅವರ ಮುಖ ನೋಡುತ್ತಿದ್ದೆ. ಪ್ರತಿ ನೋವೂ ಆ ಎರಡು ದಮ್ಮಿನದೇ ಅನಿಸುತ್ತಿತ್ತು. ಆಸೆ ಬಂದಾಗ ಸುಮಾಳಿಗೆ ಹೇಳುತ್ತಿದ್ದೆ. ಅವಳು ಇಲ್ಲದಿದ್ದರೆ ಮಗಳಿಗೆ. ಮಗಳು ಏನೂ ಕೇಳದೆ ಪಕ್ಕ ಬಂದು ಕೂರುತ್ತಿದ್ದಳು, ಕಾಲೇಜಿನ ಏನಾದರೊಂದು ಸುದ್ದಿ ಹೇಳುತ್ತಿದ್ದಳು. ಅದು ಏರುತ್ತಿತ್ತು. ಇಳಿಯುತ್ತಿತ್ತು.

ಊರಿಗೆ ವಾಪಸಾದ ಅಮ್ಮ ಒಂದು ಬೀಗರೂಟದಲ್ಲಿ ಯಾರೋ ಕೊಟ್ಟರೆಂದು ಹೊಗೆಸೊಪ್ಪು ಬಾಯಿಗಿಟ್ಟುಕೊಂಡರಂತೆ. "ತಲೆ ತಿರುಗ್ತು ಕಣ್ಲಾ, ಉಗುದ್ಬುಟ್ಟೆ" ಎಂದು ಫೋನಿನಲ್ಲಿ ಹೇಳಿದರು. ಅವರನ್ನು ಬೈಯಲು ನನಗೆ ಯಾವ ಹಕ್ಕೂ ಇರಲಿಲ್ಲ. ಇಲ್ಲಿಂದ ಮತ್ತೆ ಶುರು ಮಾಡಮ್ಮ ಎಂದೆ.

ಒಂದು ದಿನ ನರ್ಸು ಬ್ಯಾಂಡೇಜು ಬಿಚ್ಚಿ, ಹೊಸದನ್ನು ಕಟ್ಟದೆ ಹಾಗೆಯೇ ಬಿಟ್ಟರು. "ನೋಡ್ಕೊಳ್ಳಿ" ಎಂದರು. ಮೊದಲ ಸಲ ನೋಡಿಕೊಂಡೆ. ಬೆರಳಿದ್ದ ಜಾಗದಲ್ಲಿ ತೆಳುವಾದ ಹೊಸ ಚರ್ಮ, ಎಳೆಗೂಸಿನ ಅಂಗಾಲಿನ ಬಣ್ಣ. ಡಾಕ್ಟರು ಬಂದು ಮುಟ್ಟಿದರು. "ಸದ್ಯಕ್ಕೆ ಪಾದ ನಿಮ್ಮದೇ" ಎಂದರು. ಸದ್ಯಕ್ಕೆ ಎಂಬ ಮಾತನ್ನು ನಾನು ಕೇಳಿಸಿಕೊಂಡೆ. ಸುಮಾಳೂ ಕೇಳಿಸಿಕೊಂಡಳು.

ಈಗ ಕೆಲಸಕ್ಕೆ ಹೋಗುತ್ತಿದ್ದೇನೆ. ಸದ್ಯ ಆಫೀಸಿನಲ್ಲಿ ಕೂತು ಸಿಗ್ನಲ್, ರೋಡಿನ ನಿಯಮ ಹೇಳಿಕೊಡುತ್ತೇನೆ.

ಮೊನ್ನೆ ಬಸ್‌ಸ್ಟಾಪಿನಲ್ಲಿ ಪಕ್ಕದವನು ಬೀಡಿ ಬಾಯಲ್ಲಿಟ್ಟುಕೊಂಡು, "ಬೆಂಕಿಪೊಟ್ಣ ಇದ್ಯಾ ಗುರು?" ಎಂದು ಕೇಳಿದ. ಇಲ್ಲ ಎಂದೆ. ಅವನು ಬೇರೆಯವರ ಹತ್ತಿರ ಇಸಿದುಕೊಂಡು ಹಚ್ಚಿದ. ಹೊಗೆ ನನ್ನ ಕಡೆ ಬಂತು. ಒಂದು ಕ್ಷಣ ಅಲ್ಲಿಂದ ಕದಲಲಿಲ್ಲ, ಮೂಗು ಅರಳಿಸಿಕೊಂಡು ನಿಂತುಬಿಟ್ಟೆ. ಆಮೇಲೆ ಹೆದರಿಕೆಯಾಯಿತು. ಸುಮಾಳಿಗೆ ಫೋನ್ ಮಾಡಿ, "ಬಂದಿದೆ ಕಣೇ" ಎಂದೆ.

"ಎಲ್ಲಿದ್ದೀರ?"

"ಬಸ್‌ಸ್ಟಾಪಲ್ಲಿ."

"ಮುಂದಿನ ಸ್ಟಾಪಿಗೆ ನಡ್ಕೊಂಡು ಹೋಗಿ. ಫೋನ್ ಇಡ್ಬೇಡಿ."

ನಡೆದೆ. ಅವಳು ಅಡುಗೆ ಮಾಡುತ್ತಿದ್ದಳು. ಒಗ್ಗರಣೆ ಸಿಡಿಯುವುದು ಫೋನಿನಲ್ಲಿ ಕೇಳುತ್ತಿತ್ತು. ಫೋನ್ ಕಿವಿಯಲ್ಲೇ ಇಟ್ಟುಕೊಂಡು ಮುಂದಿನ ಸ್ಟಾಪಿನ ಕಡೆ ನಡೆಯುತ್ತಲೇ ಇದ್ದೆ.