ಹಾಲಿನ ಲೆಕ್ಕದಲ್ಲಿ ಬಂದ ಗೌರಕ್ಕ

"ತಿಂಗಳಿಗೆ ಎಷ್ಟು ಕೊಡಬೇಕು, ಹೇಳಿ ಗೌರಕ್ಕ," ಎಂದು ಕೇಳಿದೆ. ಅವರು ಬಸಿಯಲ್ಲಿದ್ದ ಚಹಾ ಕುಡಿದು ಮುಗಿಸಿ, ಕಪ್ಪನ್ನು ಅದರ ಮೇಲೆ ಕೂರಿಸಿ, ನನ್ನ ಕಡೆ ನೋಡದೆ ಗೋಡೆಗೆ ಹೇಳುವಂತೆ ಹೇಳಿದರು: "ನಮ್ಮಲ್ಲಿ ಎಮ್ಮಿ ಹಾಲು ಐತ್ರಿ. ತಗೋತೀರೇನು?"

ನನಗೆ ಬೇಕಾಗಿದ್ದುದು ಹಾಲಲ್ಲ. ಎರಡು ವರ್ಷದ ಅವಳಿ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಒಬ್ಬ ಹೆಂಗಸು. "ಹಾಲು ಬೇಡ, ಪ್ಯಾಕೆಟ್ ಬರುತ್ತೆ. ನಿಮ್ಮ ಸಂಬಳದ ಮಾತು ಹೇಳಿ," ಎಂದೆ. "ಆತ್ ಬಿಡ್ರಿ," ಎಂದು ಸೆರಗು ಸರಿಮಾಡಿಕೊಂಡು ಎದ್ದರು. ಮಕ್ಕಳಿಬ್ಬರ ಗಲ್ಲ ಸವರಿ, ಚಪ್ಪಲಿ ಮೆಟ್ಟಿಕೊಂಡು ಹೋದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ನಾವು ಮಂಡ್ಯದ ಕಡೆಯವರು. ಗಂಡನಿಗೆ ಬೆಳಗಾವಿ ಜಿಲ್ಲೆಯ ಮೂಡಲಗಿ ಹತ್ತಿರದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ನಾನು ಬ್ಯಾಂಕಿನಲ್ಲಿ ವರ್ಗ ಕೇಳಿ ಹುಕ್ಕೇರಿಗೆ ಬಂದೆ. ಮದುವೆ ತಡ, ಮಕ್ಕಳು ಇನ್ನೂ ತಡ. ನಲವತ್ತು ದಾಟಿದ ಮೇಲೆ ಎರಡೆರಡು ಕೂಸು ಕಂಕುಳಲ್ಲಿ ಇಟ್ಟುಕೊಂಡು ಹೊಸ ಊರಿಗೆ ಬಂದವಳು ನಾನು. ಕಬ್ಬಿನ ಸೀಮೆಯಿಂದ ಕಬ್ಬಿನ ಸೀಮೆಗೆ, ಕನ್ನಡದಿಂದ ಕನ್ನಡಕ್ಕೆ ಹೋಗುತ್ತಿದ್ದೀರಿ, ಏನು ಕಷ್ಟ ಎಂದು ಹೊರಡುವಾಗ ಎಲ್ಲರೂ ಹೇಳಿದ್ದರು. ಕಷ್ಟ ಎನ್ನುವುದಕ್ಕಿಂತ ಗೊತ್ತಾಗದಿರುವುದು ಎಂದರೆ ಸರಿ. ಬೆಳಿಗ್ಗೆ ಅಕ್ಕಪಕ್ಕದ ಮನೆಗಳಿಂದ ಒಂದೇ ಸಮನೆ ತಟತಟ ಸದ್ದು ಬರುತ್ತದೆ. ಏನೋ ರಿಪೇರಿ ನಡೆದಿದೆ ಎಂದುಕೊಂಡಿದ್ದೆ. ಜೋಳದ ರೊಟ್ಟಿ ಬಡಿಯುವ ಸದ್ದು ಅದು. ಅಂಗಡಿಯಲ್ಲಿ ರಾಗಿ ಹಿಟ್ಟು ಕೇಳಿದರೆ, ಯಾರಿಗೆ ಮೈ ಸರಿಯಿಲ್ಲ ಎಂದು ವಿಚಾರಿಸುತ್ತಾರೆ.

ಮಂಡ್ಯದಲ್ಲಿ ಕೆಲಸದವರನ್ನು ಇಟ್ಟುಕೊಳ್ಳುವುದು ಬಾಗಿಲಲ್ಲೇ ಮುಗಿಯುವ ಮಾತು. ಪಾತ್ರೆಗೆ ಇಷ್ಟು, ಬಟ್ಟೆಗೆ ಇಷ್ಟು, ಮಗು ಇದ್ದರೆ ಇಷ್ಟು ಎಂದು ಅವರೇ ಹೇಳುತ್ತಾರೆ, ನಾವು ಸ್ವಲ್ಪ ಎಳೆದಾಡುತ್ತೇವೆ, ನಾಳೆಯಿಂದ ಬರುತ್ತಾರೆ. ಇಲ್ಲಿ ಗೌರಕ್ಕ ಒಳಗೆ ಬಂದು ಕೂತು, ನನ್ನ ತವರು, ಗಂಡನ ಊರು, ಹೆರಿಗೆ ಆದ ರೀತಿ ಎಲ್ಲ ಕೇಳಿ ತಿಳಿದುಕೊಂಡಿದ್ದರು. ಮಗಳು ಅಷ್ಟರಲ್ಲಿ ಅವರ ತೊಡೆ ಏರಿ ಕೂತಿದ್ದಳು. ಯಾರ ಹತ್ತಿರವೂ ಹೋಗದ ಮಗ ಅವರ ಬಳೆ ಎಣಿಸುತ್ತಿದ್ದ. ಇವರೇ ಆಗಬೇಕು ಎಂದು ನಾನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಜೊತೆಗೆ ಬಂದಿದ್ದ ಅತ್ತೆ ಮಂಡಿ ನೋವು ಜಾಸ್ತಿಯಾಗಿ ಊರಿಗೆ ಹೊರಟಿದ್ದರು. ನನ್ನ ರಜೆ ಮುಗಿಯುವುದರಲ್ಲಿತ್ತು. ಅಷ್ಟರೊಳಗೆ ಯಾರೂ ಸಿಗದಿದ್ದರೆ ಕೆಲಸ ಬಿಡುವುದೊಂದೇ ದಾರಿ.

ನಮ್ಮ ಮನೆಯ ಮಾಲೀಕರ ಹೆಂಡತಿ ಶಾಂತಕ್ಕ ಮೇಲಿನ ಮಹಡಿಯಲ್ಲಿರುತ್ತಾರೆ. ಗೌರಕ್ಕನನ್ನು ಕಳಿಸಿದವರು ಅವರೇ. ನಡೆದದ್ದನ್ನು ಹೇಳಿದೆ. ಹಪ್ಪಳ ತಿರುವಿ ಹಾಕುತ್ತಿದ್ದವರು ಕೈ ನಿಲ್ಲಿಸಿದರು.

"ಆಕಿ ಹಾಲು ತಗೋತೀರೇನು ಅಂದ್ಲು, ನೀ ಪ್ಯಾಕೆಟ್ ಬರತೈತಿ ಅಂದಿ. ಭಾಳ ಶಾಣ್ಯಾಕಿ ಇದ್ದೀ ತಂಗಿ."

"ಮಕ್ಕಳನ್ನು ನೋಡಿಕೊಳ್ಳೋಕೂ ಹಾಲಿಗೂ ಏನು ಸಂಬಂಧ ಅಕ್ಕ?"

"ಪಗಾರ ಅಂದ್ರ ಅದು ಮನಿ ರೊಕ್ಕ. ಹಿರ್ಯಾನ ಕೈಗೆ ಹೋಗಬೇಕು. ಆಕಿ ಮನ್ಯಾಗ ಹಿರ್ಯಾ ಅಂದ್ರ ಆಕಿ ಭಾವ ಬಾಳಪ್ಪ. ಹೈನದ ರೊಕ್ಕ ಹಂಗಲ್ಲ. ಅದು ಹೆಣ್ಣಮಕ್ಕಳದು. ಯಾವ ಗಂಡಸೂ ಅದಕ್ಕ ಕೈ ಹಚ್ಚಾಂಗಿಲ್ಲ."

ಹೈನ ಎಂದರೆ ಹಾಲು, ಮೊಸರು, ಬೆಣ್ಣೆ, ತುಪ್ಪದ ವ್ಯವಹಾರ. ಗೌರಕ್ಕನ ಮನೆಯಲ್ಲಿ ಕಬ್ಬಿನ ದುಡ್ಡು, ಜೋಳದ ದುಡ್ಡು, ಯಾರಾದರೂ ದುಡಿದು ತಂದ ದುಡ್ಡು ಎಲ್ಲ ಒಂದೇ ಗಂಟಿಗೆ ಬೀಳುತ್ತದೆ. ಆ ಗಂಟು ಇರುವುದು ಭಾವನ, ಅಂದರೆ ಗಂಡನ ಅಣ್ಣನ, ಕೈಯಲ್ಲಿ. ಮೋಸವಿಲ್ಲ, ಕೇಳಿದರೆ ಕೊಡುತ್ತಾರೆ. ಆದರೆ ಕೇಳಬೇಕು. ಗೌರಕ್ಕನ ಮಗಳನ್ನು ನಾಗನೂರಿಗೆ ಕೊಟ್ಟಿದ್ದಾರೆ. ಅವಳು ಮೊದಲ ಬಸುರಿ. ಬಾಣಂತನ ತವರಿನದು. ಆ ಖರ್ಚಿಗೆ ಯಾರನ್ನೂ ಕೇಳದೆ, ತನ್ನ ಮನಸ್ಸಿಗೆ ಬಂದ ಹಾಗೆ ಮಾಡಬೇಕು ಎಂಬುದು ಗೌರಕ್ಕನ ಆಸೆ. "ಅದೂ ಅಲ್ದ," ಎಂದರು ಶಾಂತಕ್ಕ, "ಹೊಲ ಇದ್ದವರ ಮನಿ ಸೊಸಿ ಪಗಾರಕ್ಕ ನಿಂತ್ಲು ಅಂದ್ರ ಮಂದಿ ಆಡಿಕೋತಾರ. ಹಾಲು ಹಾಕಾಕ ಹೋಗತಾಳ ಅಂದ್ರ ಯಾರೇನ ಅಂತಾರ?"

ಆ ಸಂಜೆಯೇ ಒಂದು ತಂಬಿಗೆ ಹಿಡಿದುಕೊಂಡು ಊರಾಚೆ ಅವರ ತೋಟದ ಮನೆಗೆ ಹೋದೆ. ಬಾಳಪ್ಪನವರು ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. "ಬರ್ರಿ ಬಾಯಾರ," ಎಂದರು. ನಮ್ಮಲ್ಲಿ ಅಮ್ಮಾವ್ರೇ ಎಂದ ಹಾಗೆ. "ಹಾಲಿಗೆ ಬಂದೆ," ಎಂದೆ. "ಗೌರವ್ವ ಕೊಟ್ಟಿಗ್ಯಾಗ ಅದಾಳ ನೋಡ್ರಿ," ಎಂದು ಹಗ್ಗಕ್ಕೆ ತಿರುಗಿದರು.

ಗೌರಕ್ಕ ಎಮ್ಮೆ ಕರೆಯುತ್ತಿದ್ದರು. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ.

"ಎಷ್ಟ ಹಾಲು ಬೇಕ್ರಿ?" ಎಂದರು, ತಲೆ ಎತ್ತದೆ.

"ಬೆಳಿಗ್ಗೆ ನಾನು ಬ್ಯಾಂಕಿಗೆ ಹೋಗೋಕೆ ಮುಂಚೆ ಬಂದು, ಸಂಜೆ ನಾನು ಬಂದ ಮೇಲೆ ಹೋಗುವಷ್ಟು."

ಗೌರಕ್ಕ ಎಮ್ಮೆಯ ಹೊಟ್ಟೆಗೆ ಹಣೆ ಒತ್ತಿಕೊಂಡು ನಕ್ಕರು. "ಅಷ್ಟ ಹಾಲಿಗೆ ದರ ಬ್ಯಾರೆ ಆಗತೈತ್ರಿ."

ದರ ಹೇಳಿದರು. ನಾನು ಅಂದುಕೊಂಡಿದ್ದಕ್ಕಿಂತ ಕಡಿಮೆ. "ಕೂಸು ಎರಡಿವೆ. ನೀವು ಒಂದಕ್ಕೆ ಹೇಳಿದ ಹಾಗಿದೆ," ಎಂದೆ. "ಎರಡನೇದ್ದು ಅರ್ಧಾ ದರಕ್ಕ ಹಿಡೀರಿ. ಹೆಂಗೂ ಒಂದು ಅತ್ತರ ಇನ್ನೊಂದು ಅಳತೈತಿ." ಹೀಗೆ ಲೀಟರಿನ ಮಾತಿನಲ್ಲೇ ಸಂಬಳ ಕುದುರಿತು. ಆಮೇಲೆ ಕೆಲಸದ ಮಾತು. ಮಕ್ಕಳ ಸ್ನಾನ, ಊಟ, ನಿದ್ದೆ, ಮಕ್ಕಳ ಬಟ್ಟೆ ಅವರದು. ದೊಡ್ಡವರ ಮುಸುರೆ ಪಾತ್ರೆ ಮುಟ್ಟುವುದಿಲ್ಲ, ಕಸ ಗುಡಿಸುವುದಿಲ್ಲ. ಅಮಾವಾಸ್ಯೆಗೆ ಬರುವುದಿಲ್ಲ. ಸೋಮವಾರ ಪೂಜೆ ಮುಗಿಸಿ ತಡವಾಗಿ ಬರುತ್ತಾರೆ, ಆ ದಿನ ನಾನು ಬ್ಯಾಂಕಿಗೆ ಹೇಳಿಕೊಳ್ಳಬೇಕು. ನನ್ನದು ಇಷ್ಟೇ: ಮಕ್ಕಳಿಗೆ ಹೊಡೆಯಬಾರದು, ಮೊಬೈಲ್ ತೋರಿಸಿ ಉಣ್ಣಿಸಬಾರದು, ಭಾನುವಾರ ರಜೆ ಅವರು ಬೇಡ ಎಂದರೂ ಕೊಡುತ್ತೇನೆ. "ಆಕ್ಕೈತಿ," ಎಂದರು. ನನ್ನ ತಂಬಿಗೆಗೆ ನೊರೆಹಾಲು ಸುರಿದರು. ಮುಗಿಯಿತು.

ಮೊದಲ ತಿಂಗಳು ಒಂದೇ ಜಗಳ. ಒಂದು ದಿನ ಬೇಗ ಬಂದೆ. ಮಕ್ಕಳಿಬ್ಬರೂ ಗೌರಕ್ಕನ ಎದುರು ಚಕ್ಕಳಮಕ್ಕಳ ಕೂತು, ಒಂದೊಂದು ಬಸಿಯಲ್ಲಿ ಚಹಾ ಸುರ್‍ರೆಂದು ಎಳೆಯುತ್ತಿದ್ದರು.

"ಗೌರಕ್ಕ, ಇಷ್ಟು ಚಿಕ್ಕವರಿಗೆ ಟೀ ಕೊಡ್ತಾರಾ?"

"ಬಸಿ ಚಹಾ ಕುಡದು ಯಾರ್‍ರಿ ಸತ್ತಾರ? ನಾ ಹಲ್ಲು ಬರೂಕಿಂತ ಮೊದಲ ಕುಡದಾಕಿ."

"ನನ್ನ ಮಕ್ಕಳಿಗೆ ಬೇಡ."

"ಬ್ಯಾಡಂದ್ರ ಬ್ಯಾಡ. ಬಸಿಗೂ ಬ್ಯಾಡ ಅನ್ನಬ್ಯಾಡ್ರಿ, ಅದಕ ಅಳತಾವ." ಮರುದಿನದಿಂದ ಬಸಿಯಲ್ಲಿ ಹಾಲು ಬಂತು. ಮಕ್ಕಳು ಅದನ್ನೂ ಚಹಾ ಎಂದೇ ಕರೆದು ಊದಿ ಊದಿ ಕುಡಿದರು.

ಮಳೆಗಾಲ ಹೋಗಿ ಚಳಿ ಬಂತು. ಮಗ ನನ್ನನ್ನು ಅಮ್ಮಾ ಎನ್ನುವುದು ಬಿಟ್ಟು "ಯವ್ವಾ, ಹಸಿವಾಗೇತಿ" ಎಂದ. ಮಂಡ್ಯದಲ್ಲಿರುವ ಅತ್ತೆ ಫೋನಿನಲ್ಲಿ ಅದನ್ನು ಕೇಳಿ, ಇದು ಯಾರ ಮಗು ಎಂದು ವಿಚಾರಿಸಿದರು. ನಾನು ರೊಟ್ಟಿ ಬಡಿಯುವುದನ್ನು ಕಲಿತೆ. ಮೊದಲು ಬಂದದ್ದು ಕರ್ನಾಟಕದ ನಕಾಶೆಯ ಹಾಗೆ ಇತ್ತು. "ನಮ್ಮ ಬೆಳಗಾವಿ ಜಿಲ್ಲಾ ಹರದೈತಿ," ಎಂದು ಗೌರಕ್ಕ ಮೂಲೆಯೊಂದನ್ನು ತೋರಿಸಿದರು.

ಆಮೇಲೆ ಎಮ್ಮೆ ಬತ್ತಿತು. ಗಬ್ಬದ ಎಮ್ಮೆ, ಬತ್ತಲೇಬೇಕು. ನಾನು ಅದನ್ನು ಯೋಚಿಸಿರಲೇ ಇಲ್ಲ. ಗೌರಕ್ಕ ಬಂದು ಹೊಸ್ತಿಲಲ್ಲಿ ನಿಂತು, "ಇನ್ನ ಬರಾಕ ಆಗೂದಿಲ್ರಿ," ಎಂದರು.

"ಹಾಲು ಇಲ್ಲದಿದ್ದರೆ ಏನಾಯಿತು? ನೀವು ಬನ್ನಿ. ದುಡ್ಡು ಅದೇ ಕೊಡುತ್ತೇನೆ."

"ಹಾಲಿಲ್ಲದ ರೊಕ್ಕಕ್ಕ ಏನ ಹೆಸರ ಹೇಳಲ್ರಿ ಮನ್ಯಾಗ?"

"ನಮ್ಮ ಬ್ಯಾಂಕಿನಲ್ಲಿ ನಿಮ್ಮ ಹೆಸರಿಗೆ ಖಾತೆ ಮಾಡಿ ಹಾಕುತ್ತೇನೆ. ಯಾರಿಗೂ ಗೊತ್ತಾಗಲ್ಲ."

"ಹಾಕಿದ ಕೂಡ್ಲೆ ಫೋನಿಗೆ ಮೆಸೇಜ್ ಬರತೈತಿ. ಫೋನು ಮನಿ ಮಂದಿಗೆಲ್ಲಾ ಒಂದ. ಅದಿರಲಿ, ಯಾರಿಗೂ ಗೊತ್ತಾಗಬಾರದು ಅಂದ್ರ ಅದು ಕಳವು ಆತು. ನಾ ಕಳ್ಳಿ ಅಲ್ರಿ." ಗೌರಕ್ಕನ ಮಗಳ ಬಾಣಂತನ ಹತ್ತಿರ ಬಂದಿತ್ತು. ಕೂಡಿಟ್ಟದ್ದು ಸಾಲುವ ಹಾಗಿರಲಿಲ್ಲ. ಅದನ್ನು ಅವರು ಹೇಳಲಿಲ್ಲ, ಆದರೂ ನನಗೆ ಗೊತ್ತಿತ್ತು. ನನ್ನ ಮಗಳು ಅವರ ಸೀರೆ ಹಿಡಿದುಕೊಂಡು ಗೇಟಿನವರೆಗೆ ಹೋದಳು. ಬಿಡಿಸಿಕೊಂಡು ಬರಲು ನನಗೆ ತುಂಬ ಹೊತ್ತು ಹಿಡಿಯಿತು.

ಆ ವಾರ ನಾನೊಂದು ದಿನ, ಗಂಡ ಒಂದು ದಿನ ರಜೆ ಹಾಕಿದೆವು. ಶಾಂತಕ್ಕ ಒಂದು ದಿನ ನೋಡಿಕೊಂಡು, ಸಂಜೆ ಸೊಂಟ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಮ್ಯಾನೇಜರು ಮುಖ ಗಂಟಿಕ್ಕಿದರು. ಭಾನುವಾರ ಬಾಗಿಲು ತೆಗೆದರೆ ಬಾಳಪ್ಪನವರು. ಒಳಗೆ ಬಂದು ಕೂತು, ಚಹಾ ಬರುವವರೆಗೆ ಮಳೆ ಬೆಳೆ ಮಾತಾಡಿದರು. ಆಮೇಲೆ ಹೇಳಿದರು:

"ನಮ್ಮ ಎಮ್ಮಿ ಹಾಲು ಹುಕ್ಕೇರ್‍ಯಾಗ ಎಲ್ಲಾರಕಿಂತ ತುಟ್ಟಿ ಐತಿ ಅಂತ ನನಗೂ ಗೊತ್ತೈತ್ರಿ ಬಾಯಾರ."

ನಾನು ಸಕ್ಕರೆ ಡಬ್ಬಿಯನ್ನು ಅವರ ಕಡೆ ಸರಿಸಿದೆ.

"ಗೊತ್ತಿದ್ದದ್ದನ್ನ ಕೇಳಿದ್ರ ಮನ್ಯಾಗ ಮಾತು ಬೆಳೀತಾವ. ಅದಕ ಕೇಳಿಲ್ಲ. ಈಗ ಆಕಿ ಊಟದ ಮುಂದ ಕುಂತು ಉಣ್ಣದ ಏಳತಾಳ. ನೀವು ಒಂದು ಹಾಲಿನ ಎಮ್ಮಿ ಹಿಡೀರಿ. ನಮ್ಮ ಗೋದಲ್ಯಾಗ ಕಟ್ಟತೇವು. ಪಾಲಿಗೆ."

ಪಾಲಿಗೆ ಎಂದರೆ ದುಡ್ಡು ನನ್ನದು, ಮೇವು ಮತ್ತು ಸಾಕಣೆ ಅವರದು, ಎಮ್ಮೆ ಇಬ್ಬರಿಗೂ ಅರ್ಧರ್ಧ. ಹುಟ್ಟುವ ಕರುವೂ ಹಾಗೆಯೇ. "ಮತ್ತೆ ಹಾಲು?" ಎಂದು ಕೇಳಿದೆ.

"ಹಾಲು ಹೆಣ್ಣಮಕ್ಕಳದು. ಅದರಾಗ ನಾ ಬರಾಂಗಿಲ್ರಿ," ಎಂದು ಬಸಿ ಕೆಳಗಿಟ್ಟರು.

ಮೂಡಲಗಿಯ ದನದ ಸಂತೆಗೆ ನಾವು ಮೂವರೂ ಹೋದೆವು. ಗೌರಕ್ಕ ಎಮ್ಮೆಗಳ ನಡುವೆ ಓಡಾಡಿ, ಕೆಚ್ಚಲು ಮುಟ್ಟಿ, ಹಲ್ಲು ನೋಡಿ, ಕೊನೆಗೆ ಕೊಂಬು ಸೊಟ್ಟಗಿದ್ದ ಒಂದರ ಮುಂದೆ ನಿಂತರು. ಬಾಳಪ್ಪನವರು ಮಾರುವವನ ಕೈ ಹಿಡಿದು ಮೇಲೆ ಟವೆಲು ಹಾಕಿದರು. ಅದರಡಿಯಲ್ಲಿ ಬೆರಳು ಒತ್ತಿಯೇ ದರ ಮಾತಾಡುವುದು ಅಲ್ಲಿಯ ರೀತಿ. ಸುತ್ತ ನಿಂತವರಿಗೆಲ್ಲ ಸುಮಾರು ಅಂದಾಜಿರುತ್ತದೆ, ಬಾಯಲ್ಲಿ ಯಾರೂ ಹೇಳುವುದಿಲ್ಲ. ಕೊಟ್ಟಿಗೆಯಲ್ಲಿ ನಾನೂ ಗೌರಕ್ಕನೂ ಕೂತು ಮಾತಾಡಿದ್ದು ನೆನಪಾಯಿತು.

ಮರುದಿನ ಬೆಳಿಗ್ಗೆ ಗೌರಕ್ಕ ತಂಬಿಗೆ ಹಿಡಿದು ಬಂದರು. ಮಗ ಓಡಿಹೋಗಿ ಬಸಿ ತಂದ.

ನಾಗನೂರಿನ ಮಗಳು ಹೆರಿಗೆಗೆ ಬಂದಳು, ಹೆಣ್ಣು ಕೂಸು. ಗೌರಕ್ಕ ಬಾಣಂತಿಗೆ ಬೇಕಾದ ತುಪ್ಪ, ಕೊಬ್ಬರಿ, ಉಂಡೆಯ ಅಂಟು ಎಲ್ಲ ತಮ್ಮ ಗಂಟು ಬಿಚ್ಚಿ ತಂದರು. ಕೂಸಿನ ಕಾಲಿಗೆ ಬೆಳ್ಳಿ ಕಡಗವನ್ನು ಗೋಕಾಕಕ್ಕೆ ಹೋಗಿ ತಾವೇ ಆರಿಸಿದರು. ಆ ತಿಂಗಳು ಅವರು ನಮ್ಮ ಮನೆಗೆ ಬರಲಿಲ್ಲ. ನಾನು ಮಕ್ಕಳನ್ನು ಬೆಳಿಗ್ಗೆ ಅವರ ತೋಟದ ಮನೆಯಲ್ಲಿ ಬಿಟ್ಟು ಬ್ಯಾಂಕಿಗೆ ಹೋಗುತ್ತಿದ್ದೆ. ಸಂಜೆ ಸಗಣಿ ವಾಸನೆಯ ಮಕ್ಕಳನ್ನೂ ಹಾಲನ್ನೂ ತರುತ್ತಿದ್ದೆ.

ಈಗ ಮಂಡ್ಯದ ಶಾಖೆಯಲ್ಲಿ ಜಾಗ ಖಾಲಿಯಾಗಿದೆಯಂತೆ. ಅರ್ಜಿ ಹಾಕು ಎಂದು ಊರಿನಿಂದ ನನ್ನ ಅಕ್ಕ ವಾರವಾರವೂ ಫೋನ್ ಮಾಡುತ್ತಾಳೆ. ನನಗೂ ಬೇಡವೆಂದಿಲ್ಲ. ಅತ್ತೆಯ ಮಂಡಿ, ಅಲ್ಲಿಯ ನಾಲೆಯ ಏರಿ, ಬಿಸಿ ಮುದ್ದೆ, ಸಾರು, ಕೇಳದೆಯೇ ಅರ್ಥವಾಗುವ ಮಾತು, ಎಲ್ಲ ಬೇಕು. ಮಂಡ್ಯಕ್ಕೆ ಹೋದಾಗ ನಾಲ್ಕು ದಿನ ಚೆನ್ನಾಗಿರುತ್ತದೆ. ಐದನೆಯ ದಿನ ಬೆಳಿಗ್ಗೆ ಎಚ್ಚರವಾದರೆ ತಟತಟ ಸದ್ದಿಲ್ಲ ಎಂದು ಗೊತ್ತಾಗುತ್ತದೆ.

"ಯಾವಾಗ ಬರ್ತೀಯೆ?" ಎಂದು ಮೊನ್ನೆಯೂ ಅಕ್ಕ ಕೇಳಿದಳು.

"ಎಮ್ಮೆ ಗಬ್ಬವಿದೆ ಕಣೆ. ಕರು ಹಾಕಲಿ, ನೋಡೋಣ," ಎಂದೆ.

"ಯಾರದೋ ಎಮ್ಮೆ ಕರು ಹಾಕಿದರೆ ನಿನಗೇನು?"

"ಯಾರದೋ ಅಲ್ಲ," ಎಂದೆ. "ಅರ್ಧ ನಂದು."